ಹೋಟೆಲ್ ಜಗಳದಲ್ಲಿ ಸಿಕ್ಕ ಬಾಟಿಕ್

ಜೂನ್ ರಜೆ ಹತ್ತಿರ ಬಂತು ಅಂದರೆ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು: "ಯಾವ ಹೋಟೆಲ್ ಬುಕ್ ಮಾಡಿದ್ರಿ?" ಸಿಂಗಪುರದಿಂದ ಇಂಡೋನೇಷ್ಯಾದ ಜಾವಾ ದ್ವೀಪದ ಯೋಗ್ಯಕರ್ತಕ್ಕೆ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. ಆದರೆ ಎಲ್ಲಿ ಉಳಿಯಬೇಕು ಅಂತ ನಮ್ಮ ಮನೆಯಲ್ಲಿ ಎರಡು ವಾರ ಜಗಳ ನಡೆಯಿತು. ಮಕ್ಕಳಿಗೆ ಈಜುಕೊಳ ಬೇಕು. ನಮ್ಮ ಯಜಮಾನರಿಗೆ ಬಫೆ ತಿಂಡಿ ಬೇಕು. ನನಗೆ ಬಾಗಿಲು ತೆಗೆದರೆ ಬೀದಿ ಕಾಣಬೇಕು.

ಕೊನೆಗೆ ಪ್ರವಿರೋತಮನ್ ಎಂಬ ಕೇರಿಯಲ್ಲಿ ಹಳೇ ಮನೆಯೊಂದರಲ್ಲಿ ಉಳಿದೆವು. ಈಜುಕೊಳ ಇತ್ತು, ನಮ್ಮ ಹಾಲ್‌ನಷ್ಟೇ ದೊಡ್ಡದು. ಈ ಕೇರಿ ಹಿಂದೆ ಬಾಟಿಕ್, ಅಂದರೆ ಮೇಣದಿಂದ ಚಿತ್ತಾರ ಬಿಡಿಸಿ ಬಣ್ಣ ಹಾಕುವ ಬಟ್ಟೆ, ಮಾಡಿಸುವ ಮನೆತನಗಳದ್ದು. ಆ ವ್ಯಾಪಾರ ಬಿದ್ದುಹೋದಾಗ, 1970ರ ದಶಕದಿಂದೀಚೆಗೆ, ಒಂದೊಂದೇ ಮನೆ ಪ್ರವಾಸಿಗರ ವಸತಿಗೃಹವಾಯಿತು. ಬುಕ್ ಮಾಡುವಾಗ ಇದೊಂದೂ ನನಗೆ ಗೊತ್ತಿರಲಿಲ್ಲ. ಬಾಡಿಗೆ ಕಡಿಮೆ ಇತ್ತು, ಅಷ್ಟೇ.

ಮೊದಲ ಸಂಜೆ ಮಾಲಿಯೊಬೊರೊ ಬೀದಿಯಲ್ಲಿ ಸೈಕಲ್ ರಿಕ್ಷಾದವನೊಬ್ಬ ನಿಲ್ಲಿಸಿದ. "ಕಲಾಶಾಲೆಯ ಹುಡುಗರ ಪ್ರದರ್ಶನ ಇದೆ, ಇವತ್ತೇ ಕೊನೆ ದಿನ" ಎಂದ. ಹೋದೆವು. ಟೀ ಕೊಟ್ಟರು. ರೂಪಿಯಾದ ಸೊನ್ನೆಗಳನ್ನು ಎಣಿಸುವಷ್ಟರಲ್ಲಿ ಬಾಟಿಕ್ ಅಂತ ಒಂದು ಶಾಲು ನನ್ನ ಕೈಯಲ್ಲಿತ್ತು. ಮರುದಿನ ಸಂಜೆಯೂ ಅದೇ ಮೂಲೆಯಲ್ಲಿ ಅದೇ ಕೊನೆ ದಿನ!

ಶಾಲನ್ನು ಮನೆಯೊಡತಿಗೆ ತೋರಿಸಿದೆ. ಅಲ್ಲಿ ಅವರನ್ನು ಎಲ್ಲರೂ 'ಇಬು' ಅಂತಾರೆ, ನಾವು ಅಮ್ಮ ಅಂದ ಹಾಗೆ. ಅವರು ಏನೂ ಹೇಳದೆ ಶಾಲನ್ನು ತಿರುಗಿಸಿ ಹಿಡಿದರು. ಹಿಂಬದಿ ಪೂರ್ತಿ ಮಂಕು. ಮೆಷಿನ್ನಿನಲ್ಲಿ ಒಂದೇ ಕಡೆ ಒತ್ತಿದ ಬಟ್ಟೆ. ಆಮೇಲೆ ಬೀರುವಿನಿಂದ ತಮ್ಮ ತಾಯಿಯ ಸೀರೆಯಂಥ ಉದ್ದದ ಬಟ್ಟೆ ತೆಗೆದರು. ಯಾವುದು ಒಳಬದಿ ಅಂತ ನನಗೆ ಕೊನೆಗೂ ಗೊತ್ತಾಗಲಿಲ್ಲ.

ಅದು 'ಬಾಟಿಕ್ ತುಲಿಸ್'. ತುಲಿಸ್ ಅಂದರೆ ಬರೆಯುವುದು. ನಾವೂ ಚಿತ್ರ ಬರೀ ಅಂತಲೇ ಹೇಳ್ತೀವಲ್ಲ, ಅದೇ. ಲೇಖನಿ ಮಾತ್ರ ಬೇರೆ. ಪುಟ್ಟ ತಾಮ್ರದ ಬಟ್ಟಲು, ಅದಕ್ಕೊಂದು ಸಣ್ಣ ಕೊಳವೆ ಮೂತಿ, ಹಿಡಿಯಲು ಬಿದಿರಿನ ಹಿಡಿಕೆ. ಹೆಸರು ಚಾಂಟಿಂಗ್. ಒಲೆಯ ಮೇಲೆ ಕರಗಿದ ಮೇಣವನ್ನು ಅದರಲ್ಲಿ ಮೊಗೆದು, ಮೂತಿ ಕಟ್ಟಿದರೆ ಉಫ್ ಅಂತ ಊದಿ, ಬಟ್ಟೆಯ ಮೇಲೆ ಎಳೆ ಎಳೆಯುತ್ತಾರೆ. ಮುಂಬದಿ ಮುಗಿದ ಮೇಲೆ ಹಿಂಬದಿಯಲ್ಲೂ ಅದೇ ಎಳೆಗಳು. ಮೇಣ ಕೂತ ಕಡೆ ಬಣ್ಣ ಹತ್ತುವುದಿಲ್ಲ. ನೀಲಿಯಲ್ಲಿ ಅದ್ದಿ, ಮೇಣ ತೆಗೆದು, ಮತ್ತೆ ಬೇರೆ ಕಡೆ ಮೇಣ ಹಚ್ಚಿ, 'ಸೋಗ' ಎಂಬ ಕಂದು ಬಣ್ಣದಲ್ಲಿ ಅದ್ದಿ, ಕೊನೆಗೆ ಕುದಿಯುವ ನೀರಿನಲ್ಲಿ ಮೇಣ ಬಿಡಿಸುವಷ್ಟರಲ್ಲಿ ತಿಂಗಳುಗಳೇ ಹೋಗಬಹುದು. ತಾಮ್ರದ ಅಚ್ಚಿನಿಂದ ಮೇಣ ಒತ್ತುವ 'ಚಾಪ್' ಬೇಗ ಆಗುತ್ತದೆ, ಬೆಲೆಯೂ ಕಡಿಮೆ. ಅದೂ ಬಾಟಿಕ್ಕೇ. ನನ್ನ ಶಾಲು ಎರಡೂ ಅಲ್ಲ.

ಇಬು ಒಂದೊಂದೇ ಚಿತ್ತಾರ ತೋರಿಸಿದರು. ಓರೆಯಾಗಿ ಅಲೆಯಂತೆ ಸಾಗುವ 'ಪರಾಂಗ್' ಒಂದು ಕಾಲಕ್ಕೆ ಅರಮನೆಯವರಿಗೆ ಮಾತ್ರ ಮೀಸಲು. 'ಕವುಂಗ್' ನೋಡಿದರೆ ಅಡ್ಡಕ್ಕೆ ಕೊಯ್ದ ತಾಟಿನಿಂಗಿನ ಕಾಯಿ ನೆನಪಾಗುತ್ತದೆ. ಅವರದ್ದೂ ಒಂದು ಜಾತಿಯ ತಾಳೆ ಕಾಯಿಯೇ. ಮದುವೆ ಗಂಡು ಹೆಣ್ಣಿಗೆ 'ಸಿಡೋ ಮುಕ್ತಿ'. ಮದುವೆ ದಿನವೇ ಮುಕ್ತಿಯಾ ಅಂತ ನಮ್ಮ ಯಜಮಾನರು ನಕ್ಕರು. ಅಲ್ಲಿ ಮುಕ್ತಿ ಅಂದರೆ ಸುಖ ಸಮೃದ್ಧಿಯ ಬಾಳು. 2009ರಲ್ಲಿ ಯುನೆಸ್ಕೋ ಬಾಟಿಕ್ಕನ್ನು ಪಾರಂಪರಿಕ ಕಲೆಗಳ ಪಟ್ಟಿಗೆ ಸೇರಿಸಿದ್ದು ಅಕ್ಟೋಬರ್ 2ರಂದು. ಇಂಡೋನೇಷ್ಯಾಕ್ಕೆ ಅದು ಬಾಟಿಕ್ ದಿನ, ನಮಗೆ ಗಾಂಧಿ ಜಯಂತಿ.

ಹೋಗುವವರಿಗೆ ಎರಡು ಮಾತು. ಹೊಸ ವಿಮಾನ ನಿಲ್ದಾಣ ಊರಿಂದ ದೂರ. ಆದರೆ ಅಲ್ಲಿಂದ ಊರೊಳಗಿನ ತುಗು ಸ್ಟೇಷನ್ನಿಗೆ ರೈಲಿದೆ, ಹಾಗಾಗಿ ಟ್ಯಾಕ್ಸಿ ಖರ್ಚಿಗೆ ಹೆದರಿ ವಿಮಾನ ನಿಲ್ದಾಣದ ಪಕ್ಕದಲ್ಲೇ ರೂಮು ಮಾಡಬೇಡಿ. ಸೋಲೋ ಊರಿಗೂ ಲೋಕಲ್ ರೈಲು ಸಿಗುತ್ತದೆ. ಅಲ್ಲಿನ ಲವೆಯಾನ್ ಕೇರಿಯಲ್ಲಿ ಮೇಣದ ವಾಸನೆ ಈಗಲೂ ಹಿತ್ತಲಿನಿಂದ ಬರುತ್ತದೆ. ಸಸ್ಯಾಹಾರಿಗಳೇ, ಹಲಸಿನ ಗುಜ್ಜೆಯ 'ಗುಡೆಗ್' ನೋಡಿ ಹಿಗ್ಗಬೇಡಿ. ಜೊತೆಗೆ ಕೋಳಿ ಬರುತ್ತೆ.

ಹೊರಡುವ ದಿನ ಇಬುವಿನ ಪರಿಚಯದವರಿಂದ ನಿಜವಾದ ತುಲಿಸ್ ಒಂದು ತಂದೆ. ಡಿಟರ್ಜೆಂಟ್ ಮುಟ್ಟಿಸಬೇಡಿ, 'ಲೆರಕ್' ನೀರಲ್ಲಿ ಅದ್ದಿ ನೆರಳಲ್ಲಿ ಹಾಕಿ ಎಂದರು. ಲೆರಕ್ ಯಾವುದು ಅಂತ ಕೇಳಿದಾಗ ಅಡುಗೆಮನೆಯಿಂದ ಒಂದು ಹಿಡಿ ತಂದು ಅಂಗೈಗೆ ಸುರಿದರು. ನಮ್ಮಜ್ಜಿ ರೇಷ್ಮೆ ಸೀರೆ ಒಗೆಯುತ್ತಿದ್ದ ಅಂಟುವಾಳದ ಕಾಯಿ!