ಪಿಕ್ಲಿಂಗ್ ಪೇಸ್ಟ್ ಡಬ್ಬಕ್ಕೆ ಕನ್ನಡದ ಚೀಟಿ ಬೇಕು

ಮಾನ್ಯ ಸಂಪಾದಕರೇ,

ನಾನು ಪೀಣ್ಯದ ಒಂದು ಸ್ಟೀಲ್ ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಹನ್ನೊಂದು ವರ್ಷದಿಂದ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೇನೆ. ಹೋಟೆಲ್ ಅಡುಗೆಮನೆಯ ಸಿಂಕು, ಟೇಬಲ್ಲು, ಹಾಲಿನ ಟ್ಯಾಂಕು, ಇಂಥವು ನಮ್ಮ ಕೆಲಸ. ವೆಲ್ಡಿಂಗ್ ರಾಡ್‌ನಿಂದ ಹಿಡಿದು ಕೈ ಒರೆಸುವ ಬಟ್ಟೆ ಚೂರಿನವರೆಗೆ ಎಲ್ಲದರ ಲೆಕ್ಕ ನನ್ನ ರಿಜಿಸ್ಟರಿನಲ್ಲಿದೆ. ಆ ರಿಜಿಸ್ಟರಿನ ಒಂದೇ ಒಂದು ಸಾಲಿನ ಬಗ್ಗೆ ನಿಮಗೆ ಬರೆಯುತ್ತಿದ್ದೇನೆ. 'ಪಿಕ್ಲಿಂಗ್ ಪೇಸ್ಟ್, 2 ಕೆ.ಜಿ., ಡಬ್ಬ 6.'

ಈ ಕಸುಬಿನವರಿಗೆ ಇದು ಗೊತ್ತು. ಉಳಿದವರಿಗಾಗಿ ಹೇಳುತ್ತೇನೆ. ಸ್ಟೇನ್‌ಲೆಸ್ ಸ್ಟೀಲಿಗೆ ಆರ್ಗನ್ ವೆಲ್ಡಿಂಗ್ ಮಾಡಿದ ಮೇಲೆ ಬೆಸುಗೆಯ ಗೆರೆ ಪಕ್ಕದಲ್ಲಿ ನೀಲಿ, ಕಂದು ಬಣ್ಣ ಕೂರುತ್ತದೆ. ಹಾಗೇ ಬಿಟ್ಟರೆ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಅದಕ್ಕೆ ಈ ಬಿಳಿ ಪೇಸ್ಟನ್ನು ಬ್ರಶ್‌ನಲ್ಲಿ ಬಳಿದು, ಸ್ವಲ್ಪ ಹೊತ್ತು ಬಿಟ್ಟು, ನೀರಿನಲ್ಲಿ ತೊಳೆಯುತ್ತಾರೆ. ಬಣ್ಣ ಹೋಗಿ ಗೆರೆ ಬೆಳ್ಳಗಾಗುತ್ತದೆ. ಪೇಸ್ಟಿನಲ್ಲಿ ಇರುವುದು ಎರಡು ಆಸಿಡ್. ಒಂದು ನೈಟ್ರಿಕ್. ಇನ್ನೊಂದು ಹೈಡ್ರೋಫ್ಲೋರಿಕ್. ಎರಡನೆಯದರ ಪ್ರಮಾಣ ಕಡಿಮೆ, ನಮ್ಮ ಡಬ್ಬದಲ್ಲಿ ನೂರಕ್ಕೆ ಐದು ಭಾಗ. ನಾನು ಹೇಳಬೇಕಾದ್ದು ಆ ಐದು ಭಾಗದ ಬಗ್ಗೆ.

ಕಳೆದ ಆಷಾಢದಲ್ಲಿ ನಮ್ಮ ಹೆಲ್ಪರ್ ಹುಡುಗ ಒಬ್ಬ ಮಧ್ಯಾಹ್ನ ನಾಲ್ಕು ಗಂಟೆಗೆ ಪೇಸ್ಟ್ ಹಚ್ಚುತ್ತಿದ್ದ. ಕೈಯಲ್ಲಿ ತೆಳು ರಬ್ಬರ್ ಗ್ಲೌಸ್. ತೋರುಬೆರಳಿನ ತುದಿಯಲ್ಲಿ ಸೂಜಿ ಮೊನೆಯಷ್ಟು ತೂತು ಇತ್ತಂತೆ. ಒದ್ದೆ ಅನ್ನಿಸಿತು, ಗ್ಲೌಸ್ ತೆಗೆದು ನಲ್ಲಿಯಲ್ಲಿ ಕೈ ತೊಳೆದ. ಉರಿ ಇಲ್ಲ, ಕೆಂಪಾಗಿಲ್ಲ. "ಏನೂ ಆಗಿಲ್ಲ ಅಕ್ಕಾ" ಎಂದು ಕೈ ಚಾಚಿ ತೋರಿಸಿದ. ನಾನೂ ನೋಡಿದೆ, ಏನೂ ಇರಲಿಲ್ಲ. ಆರು ಗಂಟೆಗೆ ರೂಮಿಗೆ ಹೋದ.

ರಾತ್ರಿ ಒಂದು ಗಂಟೆಗೆ ಫೋನ್ ಬಂತು. ಉಗುರಿನ ಕೆಳಗೆ ಯಾರೋ ಕಾದ ಮೊಳೆ ಹೊಡೆಯುತ್ತಿದ್ದಾರೆ ಅನ್ನಿಸುತ್ತಿದೆ ಎಂದು ಅಳುತ್ತಿದ್ದ. ಇಪ್ಪತ್ತೆರಡು ವರ್ಷದ ಗಟ್ಟಿ ಹುಡುಗ. ರೂಮಿನವರು ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿ ಸುಟ್ಟಗಾಯದ ಮುಲಾಮು ಹಚ್ಚಿ, ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಗಾಯವೇ ಕಾಣದಿದ್ದರೆ ಅವರಾದರೂ ಏನು ಮಾಡುತ್ತಾರೆ? ಬೆಳಗ್ಗೆ ಆರಕ್ಕೆ ಬೆರಳ ತುದಿ ಬೂದು ಬಣ್ಣಕ್ಕೆ ತಿರುಗಿತ್ತು. ಆಗ ದೊಡ್ಡ ಆಸ್ಪತ್ರೆಗೆ ಓಡಿದೆವು. ಅಲ್ಲಿನ ಡಾಕ್ಟರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಯಾವ ಆಸಿಡ್?"

ಹುಡುಗನಿಗೆ ಗೊತ್ತಿರಲಿಲ್ಲ. ಅವನ ಮಟ್ಟಿಗೆ ಅದು 'ಪೇಸ್ಟ್'. ಜೊತೆಗಿದ್ದವರಿಗೆ 'ಆಸಿಡ್'. ನಾನು ಶೆಡ್‌ಗೆ ಹೋಗಿ ಫೈಲಿನಿಂದ ಸೇಫ್ಟಿ ಡೇಟಾ ಶೀಟ್, ಅಂದರೆ ಪೇಸ್ಟಿನ ಅಪಾಯದ ವಿವರ ಇರುವ ಹಾಳೆ, ಹುಡುಕಿ ಫೋಟೋ ಕಳಿಸಿದೆ. ಅದರ ನಾಲ್ಕನೇ ಭಾಗದಲ್ಲಿ ಪ್ರಥಮ ಚಿಕಿತ್ಸೆ ಇರುತ್ತದೆ. ಅಲ್ಲಿ ಬರೆದಿತ್ತು, ಕ್ಯಾಲ್ಸಿಯಂ ಗ್ಲುಕೋನೇಟ್. ಡಾಕ್ಟರು ಹತ್ತು ಪರ್ಸೆಂಟಿನ ಕ್ಯಾಲ್ಸಿಯಂ ಇಂಜೆಕ್ಷನ್ನನ್ನು ನೀರಿನಲ್ಲಿ ಕರಗುವ ಜೆಲ್ಲಿಗೆ ಕಲಸಿ, ಅದನ್ನು ಒಂದು ಗ್ಲೌಸಿಗೆ ತುಂಬಿ, ಅದರೊಳಗೆ ಹುಡುಗನ ಕೈ ಇಳಿಸಿದರು. ಒಂದು ಪಾಲು ಇಂಜೆಕ್ಷನ್, ಮೂರು ಪಾಲು ಜೆಲ್ಲಿ. ಆಮೇಲೆ ಇಂಜೆಕ್ಷನ್ ಕೂಡ ಬೇಕಾಯಿತು. ಬೆರಳು ಉಳಿಯಿತು. ಉಗುರು ಹೋಯಿತು, ತುದಿಯ ಮಾಂಸ ಸ್ವಲ್ಪ ಹೋಯಿತು. ಈಗಲೂ ಚಳಿಗೆ ಆ ಬೆರಳು ಜುಮ್ಮೆನ್ನುತ್ತದಂತೆ.

ಫೈಲಿನಲ್ಲಿ ಇದ್ದ ಹಾಳೆಯನ್ನು ನಾನು ಹನ್ನೊಂದು ವರ್ಷದಲ್ಲಿ ಪೂರ್ತಿ ಓದಿರಲಿಲ್ಲ. ಆ ವಾರ ಕೂತು ಓದಿದೆ. ಹದಿನಾರು ಭಾಗ, ಎಲ್ಲ ಇಂಗ್ಲಿಷಿನಲ್ಲಿ. ಎರಡನೇ ಭಾಗದಲ್ಲಿ ಅಪಾಯದ ವಿಂಗಡಣೆ. ಈ ವಿಂಗಡಣೆಯ ಪದ್ಧತಿಯನ್ನು ವಿಶ್ವಸಂಸ್ಥೆ 2003ರಲ್ಲಿ ಪ್ರಕಟಿಸಿತು. ಯಾವ ದೇಶದಲ್ಲಿ ಡಬ್ಬ ತೆರೆದರೂ ಒಂದೇ ಚಿತ್ರ, ಒಂದೇ ಎಚ್ಚರಿಕೆ ಇರಲಿ ಎಂಬುದು ಅದರ ಉದ್ದೇಶ. ಬೆಂಕಿ, ಸ್ಫೋಟ, ಲೋಹ ತಿನ್ನುವ ಗುಣ ಇವೆಲ್ಲ ಒಂದು ಕಡೆ. ದೇಹಕ್ಕೆ ಆಗುವ ಕೇಡು ಇನ್ನೊಂದು ಕಡೆ. ಒಳ್ಳೆಯ ಪದ್ಧತಿಯೇ. ಆದರೆ ಓದುವ ಕ್ರಮ ಗೊತ್ತಿಲ್ಲದವರಿಗೆ ಅದರಲ್ಲಿ ದೊಡ್ಡ ಗುಂಡಿ ಇದೆ.

ಈ ಪದ್ಧತಿಯಲ್ಲಿ ದರ್ಜೆ 1 ಅಂದರೆ ಅತಿ ಹೆಚ್ಚು ಅಪಾಯ. ನಂಬರ್ ಹೆಚ್ಚಾದಷ್ಟೂ ಅಪಾಯ ಕಡಿಮೆ. ನಾನು ಶೆಡ್‌ನಲ್ಲಿ ಎಲ್ಲರನ್ನೂ ಕೇಳಿದೆ, "1 ಅಂತ ಬರೆದಿದ್ದರೆ ಏನರ್ಥ?" ಒಂಬತ್ತು ಜನರಲ್ಲಿ ಏಳು ಜನ ಹೇಳಿದ್ದು, "ಕಮ್ಮಿ ಅಪಾಯ, ಶುರುವಿನ ಲೆವೆಲ್". ತಪ್ಪು ಅವರದಲ್ಲ. ಯಾಕೆಂದರೆ ಗೋಡೌನ್ ಗೋಡೆ ಮೇಲೆ, ಟ್ಯಾಂಕ್ ಮೇಲೆ ಅಂಟಿಸುವ ಇನ್ನೊಂದು ಚೌಕ ಚಿತ್ರವಿದೆ, ನೀಲಿ, ಕೆಂಪು, ಹಳದಿ, ಬಿಳಿ ನಾಲ್ಕು ಮನೆಯದು. ಅದು ಅಮೆರಿಕದ ಅಗ್ನಿಶಾಮಕದವರ ಪದ್ಧತಿ. ಅದರಲ್ಲಿ ಲೆಕ್ಕ ಉಲ್ಟಾ. 0 ಅಂದರೆ ಅಪಾಯ ಇಲ್ಲ, 4 ಅಂದರೆ ಅತಿ ಹೆಚ್ಚು. ಒಂದೇ ಆಸಿಡ್‌ಗೆ ಒಂದು ಕಡೆ 1, ಇನ್ನೊಂದು ಕಡೆ 4. ಎರಡೂ ಹೇಳುವುದು ಒಂದೇ ಮಾತು, ಇದು ಕೊಲ್ಲುತ್ತದೆ ಅಂತ. ನಡುವೆ ನಿಂತ ಹುಡುಗನಿಗೆ ಯಾವುದು ಅರ್ಥವಾಗಬೇಕು ಹೇಳಿ.

ಅದೇ ಚೌಕದ ಕೆಂಪು ಮನೆಯಲ್ಲಿ ಈ ಆಸಿಡ್‌ಗೆ 0 ಇರುತ್ತದೆ, ಬೆಂಕಿ ಹತ್ತುವುದಿಲ್ಲ ಎಂದು. ನಮ್ಮ ಶೆಡ್‌ಗಳಲ್ಲಿ ಜನ ಹೆದರುವುದು ಬೆಂಕಿಗೆ, ಸಿಲಿಂಡರಿಗೆ. ಥಿನ್ನರ್ ಡಬ್ಬವನ್ನು ದೂರ ಇಡುತ್ತಾರೆ, ಪೇಸ್ಟನ್ನು ಊಟದ ಕ್ಯಾರಿಯರ್ ಪಕ್ಕ ಇಡುತ್ತಾರೆ. ಆ 0 ಪೂರ್ತಿ ನೆಮ್ಮದಿ ಕೊಡುವ ಸೊನ್ನೆಯೂ ಅಲ್ಲ. ಆಸಿಡ್ ಲೋಹಕ್ಕೆ ತಾಗಿದರೆ ಹೈಡ್ರೋಜನ್ ಏಳುತ್ತದೆ, ಅದು ಹತ್ತಿಕೊಳ್ಳುತ್ತದೆ. ಗಾಜಿನ ಬಾಟಲಿಗೆ ಹಾಕಿದರೆ ಗಾಜನ್ನೇ ತಿನ್ನುತ್ತದೆ. ಗಾಜಿನ ಮೇಲೆ ಹೂಬಳ್ಳಿ ಕೊರೆಯಲು ಇದನ್ನು ಬಳಸುವುದು ಅದಕ್ಕೇ.

ಆರೋಗ್ಯದ ಕಡೆಯ ವಿಂಗಡಣೆ ನೋಡಿದಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಯುರೋಪಿನ ಪಟ್ಟಿಯಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ನುಂಗಿದರೆ ದರ್ಜೆ 2, ಉಸಿರಾಡಿದರೆ ದರ್ಜೆ 2, ಚರ್ಮಕ್ಕೆ ತಾಗಿದರೆ ದರ್ಜೆ 1. ನುಂಗುವುದಕ್ಕಿಂತ ತಾಗುವುದನ್ನು ಮೇಲಿನ ದರ್ಜೆಗೆ ಹಾಕಿದ್ದಾರೆ. ಚರ್ಮ ಸುಡುವ ಲೆಕ್ಕದಲ್ಲಿ ನೂರಕ್ಕೆ ಏಳು ಭಾಗ ಇದ್ದರೆ ಅತಿ ಕೆಟ್ಟ ಗುಂಪು. ಒಂದರಿಂದ ಏಳರ ಒಳಗಿದ್ದರೂ ಅದು ಸುಡುವ ವಸ್ತುವೇ. ನಮ್ಮ ಐದು ಭಾಗದ ಪೇಸ್ಟ್ ಅಲ್ಲೇ ಬರುತ್ತದೆ. ನಾವು ಅದನ್ನು 'ಲೈಟ್ ಪೇಸ್ಟ್' ಅನ್ನುತ್ತಿದ್ದೆವು.

ನೋವು ಯಾಕೆ ತಡವಾಗಿ ಬಂತು ಅನ್ನುವುದೂ ಆಗ ತಿಳಿಯಿತು. ಐವತ್ತು ಭಾಗಕ್ಕಿಂತ ಗಟ್ಟಿ ಆಸಿಡ್ ತಾಗಿದರೆ ನೋವು ತಕ್ಷಣ. ಇಪ್ಪತ್ತರಿಂದ ಐವತ್ತು ಇದ್ದರೆ ಒಂದರಿಂದ ಎಂಟು ಗಂಟೆ. ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ ಇಪ್ಪತ್ನಾಲ್ಕು ಗಂಟೆ ಕೂಡ ಆಗಬಹುದು. ಅಂದರೆ ತೆಳು ಆಸಿಡ್ ಮನುಷ್ಯನನ್ನು ಮೋಸ ಮಾಡುತ್ತದೆ. ಕೆಮಿಸ್ಟ್ರಿ ಪುಸ್ತಕದಲ್ಲಿ ಇದನ್ನು ದುರ್ಬಲ ಆಮ್ಲ ಎಂದು ಕಲಿಸುತ್ತಾರೆ. ಆ ಪದದ ಅರ್ಥ, ನೀರಿನಲ್ಲಿ ಪೂರ್ತಿ ಬಿಡಿಬಿಡಿಯಾಗುವುದಿಲ್ಲ ಎಂದಷ್ಟೇ. ಬಿಡಿಯಾಗದೆ ಇರುವುದರಿಂದಲೇ ಅದು ಚರ್ಮದ ಮೇಲೆ ನಿಲ್ಲದೆ ಆಳಕ್ಕೆ ಇಳಿಯುತ್ತದೆ. ಇಳಿದು ಕ್ಯಾಲ್ಸಿಯಂ ಹುಡುಕುತ್ತದೆ.

ಇದನ್ನು ನಮ್ಮ ಹುಡುಗರಿಗೆ ಹೀಗೆ ಹೇಳಿದೆ. ಭೂಮಿಯಲ್ಲಿ ಕ್ಯಾಲ್ಸಿಯಂ ಮತ್ತು ಫ್ಲೋರಿನ್ ಎರಡೂ ಒಟ್ಟಿಗೆ ಒಂದು ಕಲ್ಲಿನಲ್ಲಿ ಇರುತ್ತವೆ, ಫ್ಲೋರ್‌ಸ್ಪಾರ್ ಅಂತ. ಆ ಕಲ್ಲಿನ ಪುಡಿಗೆ ಸಲ್ಫ್ಯೂರಿಕ್ ಆಸಿಡ್ ಹಾಕಿ ಕಾಯಿಸಿ ಕಾರ್ಖಾನೆಯವರು ಅವೆರಡನ್ನೂ ಬಿಡಿಸುತ್ತಾರೆ. ಬಿಡಿಸಿದಾಗ ಸಿಗುವುದೇ ಈ ಆಸಿಡ್. ಫ್ರಿಜ್ಜಿನ ಗ್ಯಾಸು, ದೋಸೆ ತವಾದ ಕಪ್ಪು ಲೇಪ, ಎಲ್ಲಕ್ಕೂ ಇದೇ ಮೂಲ. ಹಾಗೆ ಬೇರೆಯಾದ ಫ್ಲೋರಿನ್ ಮತ್ತೆ ಕ್ಯಾಲ್ಸಿಯಂ ಸಿಕ್ಕಿದರೆ ಬಿಡುವುದಿಲ್ಲ. ನಮ್ಮ ಮೈಯಲ್ಲಿ ಕ್ಯಾಲ್ಸಿಯಂ ಎಲ್ಲಿದೆ? ಮೂಳೆಯಲ್ಲಿದೆ, ರಕ್ತದಲ್ಲಿದೆ. ರಕ್ತದಲ್ಲಿ ಅದು ಕಡಿಮೆಯಾದರೆ ಹೃದಯದ ಬಡಿತ ತಪ್ಪುತ್ತದೆ. ಕ್ಯಾಲ್ಸಿಯಂ ಜೆಲ್ ಹಚ್ಚುವುದು ಇದಕ್ಕೇ. ನಮ್ಮ ಮೂಳೆಯ ಬದಲು ಇದನ್ನು ತಗೋ ಎಂದು ಕೊಡುವ ಹಾಗೆ. ತೊಳೆದ ನೀರಿಗೆ ನಾವು ಸುಣ್ಣ ಸುರಿಯುವುದೂ ಅದಕ್ಕೇ ಅಲ್ವಾ ಎಂದು ಒಬ್ಬ ಹುಡುಗ ತಾನೇ ಕೇಳಿದ. ಹೌದು, ಅದಕ್ಕೇ.

ನನ್ನ ತವರು ಪಾವಗಡ ತಾಲ್ಲೂಕು. ಫ್ಲೋರೈಡ್ ಅಂದರೆ ನಮಗೆ ಬೋರ್‌ವೆಲ್ ನೀರು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎಂದು ನಮ್ಮ ಕಡೆ ಶಾಲೆ ಮಕ್ಕಳಿಗೂ ಗೊತ್ತು. ನನ್ನ ಅಜ್ಜಿಯ ಮೊಣಕಾಲು ಬಾಗಿ, ಕೊನೆಗೆ ಅವರು ಕೂತೇ ತೆವಳುತ್ತಿದ್ದರು. ನನ್ನ ಹಲ್ಲಿನ ಮೇಲೆ ಇವತ್ತಿಗೂ ಕಂದು ಗೆರೆ ಇದೆ. ಅಜ್ಜಿಯ ಮೂಳೆಗೆ ವರ್ಷಗಟ್ಟಲೆ ನಿಧಾನವಾಗಿ ಕೂತ ಫ್ಲೋರೈಡೇ ಈ ಹುಡುಗನ ಬೆರಳೊಳಗೆ ಒಂದು ರಾತ್ರಿಯಲ್ಲಿ ಮೂಳೆಯ ಹತ್ತಿರ ಹೋಯಿತು. ಟೂತ್‌ಪೇಸ್ಟಿನಲ್ಲೂ ಫ್ಲೋರೈಡ್ ಇದೆಯಲ್ಲ, ಅದರಿಂದ ಏನಾಗಿದೆ ಎಂದು ಒಬ್ಬ ಸೂಪರ್‌ವೈಸರ್ ನನಗೆ ವಾದ ಮಾಡಿದರು. ಇದೆ, ಹತ್ತು ಲಕ್ಷ ಪಾಲಿಗೆ ಸುಮಾರು 1,000 ಪಾಲು ಇದೆ. ಅಲ್ಲಿರುವುದು ಉಪ್ಪು, ಇಲ್ಲಿರುವುದು ಆಸಿಡ್. ಹೆಸರು ಒಂದೇ ಇದೆಯೆಂದು ಅಪಾಯ ಒಂದೇ ಅಲ್ಲ. ವಿಂಗಡಣೆ ಬೇಕಾಗಿರುವುದೇ ಇದಕ್ಕೆ.

ಉತ್ಪ್ರೇಕ್ಷೆ ಅನ್ನುವವರಿಗೆ ಎರಡು ಘಟನೆ ಹೇಳುತ್ತೇನೆ. 1994ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಒಬ್ಬ ಲ್ಯಾಬ್ ಟೆಕ್ನಿಷಿಯನ್ನಿನ ತೊಡೆ ಮೇಲೆ ಎಪ್ಪತ್ತು ಭಾಗದ ಆಸಿಡ್ ಚೆಲ್ಲಿತು. ಒಂದೆರಡು ಲೋಟದಷ್ಟೂ ಇರಲಿಲ್ಲ. ಮೈಯ ನೂರಕ್ಕೆ ಒಂಬತ್ತು ಭಾಗ ಮಾತ್ರ ಸುಟ್ಟಿತ್ತು. ಅಲ್ಲಿ ಕ್ಯಾಲ್ಸಿಯಂ ಜೆಲ್ ಇರಲಿಲ್ಲ. ಕಾಲು ಕತ್ತರಿಸಿದರೂ ಹದಿನೈದನೇ ದಿನ ತೀರಿಕೊಂಡರು. ಇನ್ನೊಂದು ದಕ್ಷಿಣ ಕೊರಿಯಾದ ಗುಮಿ ಊರಿನದು. 2012ರ ಸೆಪ್ಟೆಂಬರ್ 27ರಂದು ಇದೇ ರಾಸಾಯನಿಕದ ಸುಮಾರು ಎಂಟು ಟನ್ ಗ್ಯಾಸ್ ಸೋರಿತು. ಐದು ಜನ ಸತ್ತರು. ಸುತ್ತಲಿನ ಹಳ್ಳಿಗಳ ಬೆಳೆ ಒಣಗಿತು, ಸಾವಿರಾರು ಜನ ಆಸ್ಪತ್ರೆಗೆ ಹೋದರು. ನೀರಿಲ್ಲದ ಶುದ್ಧ ರೂಪದಲ್ಲಿ ಇದು ಹತ್ತೊಂಬತ್ತೂವರೆ ಡಿಗ್ರಿಗೇ ಕುದಿಯುತ್ತದೆ. ನಮ್ಮ ಬೆಂಗಳೂರಿನ ಮಧ್ಯಾಹ್ನಕ್ಕೆ ಅದು ಗ್ಯಾಸೇ.

ಈಗ ನನ್ನ ಮುಖ್ಯ ಮಾತು. ನಮ್ಮೂರಿನಲ್ಲಿ ಶೇಂಗಾ ಬೆಳೆಯುವ, ಶಾಲೆ ಮೆಟ್ಟಿಲು ಹತ್ತದ ನನ್ನ ಚಿಕ್ಕಪ್ಪನಿಗೆ ಕೀಟನಾಶಕದ ಡಬ್ಬದ ಮೇಲಿನ ಬಣ್ಣ ಓದಲು ಬರುತ್ತದೆ. ಕೆಂಪು ಅಂದರೆ ಭಾರೀ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಡಬ್ಬದ ಜೊತೆಯ ಕಾಗದದಲ್ಲಿ ಕನ್ನಡವೂ ಇರುತ್ತದೆ. 1971ರ ಕೀಟನಾಶಕ ನಿಯಮಗಳು ಇದನ್ನು ಕಡ್ಡಾಯ ಮಾಡಿದವು. ಹೊಲಕ್ಕೆ ಹೋಗುವ ವಿಷಕ್ಕೆ ಇದು ಸಾಧ್ಯ ಆದರೆ ಶೆಡ್‌ಗೆ ಬರುವ ವಿಷಕ್ಕೆ ಯಾಕೆ ಆಗುವುದಿಲ್ಲ? 1989ರ ಅಪಾಯಕಾರಿ ರಾಸಾಯನಿಕ ನಿಯಮಗಳಲ್ಲಿ ಪ್ರತಿ ಡಬ್ಬದ ಮೇಲೂ ಒಳಗೇನಿದೆ, ಯಾರು ಮಾಡಿದ್ದು, ಅದರ ಗುಣ ಮತ್ತು ವಿಷದ ವಿವರ ಇರಬೇಕು ಎಂದಿದೆ. ಭೋಪಾಲ್ ಆದ ಮೇಲೆ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಸೇರಿಸಿದ ಭಾಗವೂ ಕೆಲಸಗಾರನಿಗೆ ಅಪಾಯ ತಿಳಿಸಬೇಕು ಎಂದಿತು. ಅವನಿಗೆ ಬಾರದ ಭಾಷೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ ಬರೆದರೆ ತಿಳಿಸಿದ ಹಾಗೆ ಆಗುತ್ತದೆಯೇ?

ನಮ್ಮ ಶೆಡ್‌ನಲ್ಲಿ ಯಾದಗಿರಿಯವರಿದ್ದಾರೆ, ಒಡಿಶಾದವರಿದ್ದಾರೆ, ಬಿಹಾರದವರಿದ್ದಾರೆ. ಕನ್ನಡದ ಜೊತೆಗೆ ಹಿಂದಿ, ಒಡಿಯಾ ಚೀಟಿಯೂ ಇರಲಿ, ನನಗೆ ಸಂತೋಷವೇ. ಕಾರ್ಮಿಕ ಇಲಾಖೆಯವರು, ಕಾರ್ಖಾನೆ ಇಲಾಖೆಯವರು ಮನಸ್ಸು ಮಾಡಿದರೆ ಒಂದು ಹಾಳೆಯ ಕೆಲಸ. ಚಿತ್ರ, ಹೆಸರು, '1 ಅಂದರೆ ಅತಿ ಹೆಚ್ಚು' ಎಂಬ ಸಾಲು, ಮೊದಲ ಚಿಕಿತ್ಸೆ. ಇಷ್ಟು ಸಾಕು. ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿ, ಬೆಳಗಾವಿ, ಸ್ಟೀಲು ಕಾಯಿಸಿ ಬೆಸೆಯುವ ಎಲ್ಲ ಕಡೆ ಸುತ್ತಮುತ್ತಲ ಕ್ಲಿನಿಕ್ಕುಗಳಿಗೂ ಅದು ತಲುಪಬೇಕು. ಕ್ಯಾಲ್ಸಿಯಂ ಗ್ಲುಕೋನೇಟ್ ಅಪರೂಪದ ಔಷಧ ಅಲ್ಲ. ಅವತ್ತು ರಾತ್ರಿ ಒಂದು ಗಂಟೆಗೆ ಬೇಕಾಗಿದ್ದದ್ದು ಆ ಹೆಸರು ಗೊತ್ತಿರುವ ಒಬ್ಬರು, ಅಷ್ಟೇ.

ನಿಮ್ಮಲ್ಲೂ ಒಂದು ವಿನಂತಿ ಇದೆ. ಎಲ್ಲಾದರೂ ಸೋರಿಕೆ ಆದಾಗ ಪತ್ರಿಕೆಗಳಲ್ಲಿ 'ಆಸಿಡ್ ಸೋರಿಕೆ', 'ವಿಷಾನಿಲ' ಎಂದಷ್ಟೇ ಬರುತ್ತದೆ. ದಯವಿಟ್ಟು ವಸ್ತುವಿನ ಹೆಸರು ಕೇಳಿ, ಕನ್ನಡದಲ್ಲಿ ಅಚ್ಚು ಹಾಕಿ. ಉದ್ದ ಹೆಸರಾದರೂ ಪರವಾಗಿಲ್ಲ. ಕೊರೊನಾ ಬಂದಾಗ ಎಷ್ಟು ಕಷ್ಟದ ಹೆಸರುಗಳನ್ನು ನಮ್ಮ ಜನ ಬಾಯಿಪಾಠ ಮಾಡಲಿಲ್ಲ?

ಸರ್ಕಾರ ಮಾಡುವವರೆಗೆ ನಾನು ಕಾಯಲಿಲ್ಲ. ಬಿಳಿ ಕಾಗದದ ಮೇಲೆ ಕೆಂಪು ಮಾರ್ಕರಿನಲ್ಲಿ ಬರೆದು, ಮೇಲೆ ಟೇಪು ಅಂಟಿಸಿ, ಆರೂ ಡಬ್ಬಕ್ಕೆ ಹಾಕಿದ್ದೇನೆ. 'ಹೈಡ್ರೋಫ್ಲೋರಿಕ್ ಆಸಿಡ್ ಇದೆ. ಈಗ ನೋವಿಲ್ಲದಿದ್ದರೂ ರಾತ್ರಿ ಬರುತ್ತದೆ. ತಾಗಿದರೆ ಕೂಡಲೇ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸ್ಟೋರ್ಸ್‌ನಿಂದ ಕ್ಯಾಲ್ಸಿಯಂ ಜೆಲ್ ತಂದು ಉಜ್ಜುತ್ತಾ ಆಸ್ಪತ್ರೆಗೆ ಹೋಗಿ. ಈ ಚೀಟಿಯ ಫೋಟೋ ಡಾಕ್ಟರಿಗೆ ತೋರಿಸಿ.' ಕೆಳಗೆ ಹಿಂದಿಯಲ್ಲಿ ಅದನ್ನೇ ಬರೆದುಕೊಟ್ಟವನು ಉಗುರು ಕಳೆದುಕೊಂಡ ಆ ಹುಡುಗ. ಪೇಸ್ಟ್ ಹಚ್ಚುವ ಕೆಲಸಕ್ಕೆ ಈಗ ಮೊಣಕೈವರೆಗಿನ ದಪ್ಪ ನಿಯೋಪ್ರೀನ್ ಗ್ಲೌಸ್ ಕೊಡುತ್ತೇನೆ. ಕೊಡುವ ಮೊದಲು ಪ್ರತಿ ಬೆರಳಿಗೂ ನೀರು ತುಂಬಿ, ತೂತು ಇದೆಯೇ ಎಂದು ನಾನೇ ನೋಡುತ್ತೇನೆ.

ಇಂತಿ,
ಸ್ಟೀಲ್ ಫ್ಯಾಬ್ರಿಕೇಶನ್ ಶೆಡ್‌ನ ಸ್ಟೋರ್ ಕೀಪರ್
ಪೀಣ್ಯ, ಬೆಂಗಳೂರು
(ದಯವಿಟ್ಟು ಹೆಸರು ಪ್ರಕಟಿಸಬೇಡಿ)