ಪದ ಕೇಳಿಸುವ ಹಾಗೆ ಮಾಡಿದವರಿಗೆ

ನಮ್ಮ ರಾಕ್ ಬ್ಯಾಂಡಿನ ಮೊದಲ ಆಲ್ಬಮ್‌ನ ಹಾಡುಗಳನ್ನು ಹೊತ್ತು ಮೈಸೂರಿನಿಂದ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರಿನವರೆಗೆ ಹಾಕಿದ ಸುತ್ತು ಈ ವಾರ ಮುಗೀತು. ವೇದಿಕೆ ಮೇಲೆ ನಿಂತು 'ಎಲ್ಲರಿಗೂ ಥ್ಯಾಂಕ್ಸ್' ಅಂದರೆ ಯಾರ ಋಣವೂ ತೀರಲ್ಲ. ಯಾರು ಏನು ಮಾಡಿಕೊಟ್ಟರು ಅಂತ ಬಿಡಿಸಿ ಬರೆದರೆ ಹೊಸದಾಗಿ ಶುರು ಮಾಡುವ ಇನ್ನೊಂದು ರಾಕ್ ಬ್ಯಾಂಡಿಗೂ ಅನುಕೂಲವಾದೀತು.

ಮೊದಲ ನಮಸ್ಕಾರ ಸೌಂಡ್ ಸಿಸ್ಟಮ್‌ನ ಅಣ್ಣಂದಿರಿಗೆ. ನಮ್ಮ ಕಡೆ ಅವರ ಕೈ ಪಳಗಿರೋದು ಆರ್ಕೆಸ್ಟ್ರಾಕ್ಕೆ. ಕೀಬೋರ್ಡ್, ರಿದಂ ಪ್ಯಾಡ್ ಎಲ್ಲ ನೇರ ಮಿಕ್ಸರ್‌ಗೆ ಹೋಗುತ್ತೆ, ವೇದಿಕೆ ಮೇಲೆ ಗದ್ದಲ ಕಡಿಮೆ. ರಾಕ್‌ನಲ್ಲಿ ಡ್ರಮ್ಸ್, ಗಿಟಾರ್ ಆಂಪ್ (ಗಿಟಾರ್ ದನಿ ಏರಿಸುವ ಸ್ಪೀಕರ್ ಪೆಟ್ಟಿಗೆ) ಎರಡೂ ವೇದಿಕೆ ಮೇಲೇ ಅಬ್ಬರಿಸಿ ಹಾಡುವ ಮೈಕಿಗೂ ನುಗ್ಗುತ್ತೆ. ಮೈಕ್ ಏರಿಸಿದಷ್ಟೂ ಡ್ರಮ್ಸೂ ಏರುತ್ತೆ, ಕೊನೆಗೆ ಮಾನಿಟರ್, ಅಂದರೆ ಹಾಡುವವರ ಕಡೆ ಮುಖ ಮಾಡಿದ ಸ್ಪೀಕರ್, ಕೂಗುತ್ತೆ. ಆಂಪನ್ನು ನೆಲದಿಂದೆತ್ತಿ ಕುರ್ಚಿ ಮೇಲೆ, ಗಿಟಾರ್ ನುಡಿಸುವವರ ಕಿವಿಯ ಕಡೆ ವಾಲಿಸಿಡಿ ಅಂದವರು ನೀವು. ಕಿವಿಗೆ ಸರಿಯಾಗಿ ಬಿದ್ದರೆ ಜೋರು ಬೇಕಾಗೋದೇ ಇಲ್ಲ. ಕಾರ್ಡಿಯಾಯ್ಡ್ ಮೈಕ್ (ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ ಮೈಕ್) ತನ್ನ ಬೆನ್ನ ಹಿಂದಿನದನ್ನು ಅತಿ ಕಡಿಮೆ ಹಿಡಿಯುತ್ತೆ, ಮಾನಿಟರ್‌ಗೆ ಅದೇ ಜಾಗ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಆ ಗುಣವೇ ಕೆಡುತ್ತೆ.

ಇನ್ನು ಸಾಹಿತ್ಯ. ಕನ್ನಡದಲ್ಲಿ ಒತ್ತು ಹೋದರೆ ಅರ್ಥವೇ ಹೋಯಿತು. 'ಕಡ್ಡಿ' ಅನ್ನುವಾಗ ಮಧ್ಯೆ ನಾಲಿಗೆ ಅರೆಗಳಿಗೆ ತಡೆದು ನಿಲ್ಲುತ್ತೆ. ಕಲ್ಯಾಣ ಮಂಟಪದ ಗ್ರಾನೈಟ್ ನೆಲ, ಎತ್ತರದ ಚಾವಣಿಯ ಪ್ರತಿಧ್ವನಿ ಆ ತಡೆಯನ್ನು ತುಂಬಿಬಿಟ್ಟರೆ ಹಿಂದಿನ ಸಾಲಿಗೆ 'ಕಡಿ' ಅಂತ ಮುಟ್ಟುತ್ತೆ. ಸೌಂಡ್‌ನ ಅಣ್ಣಂದಿರೇ, ಗಾಯನದ ರಿವರ್ಬ್ (ಮಿಕ್ಸರ್‌ನಲ್ಲಿ ಸೇರಿಸುವ ಪ್ರತಿಧ್ವನಿ) ಪೂರ್ತಿ ತೆಗೆದು, ಗಿಟಾರ್ ಚಾನೆಲ್‌ನಲ್ಲಿ 2ರಿಂದ 4 ಕಿಲೋಹರ್ಟ್ಸ್ ನಡುವೆ 3 ಡೆಸಿಬಲ್ ಇಳಿಸಿ ವ್ಯಂಜನಗಳಿಗೆ ಜಾಗ ಬಿಡಿಸಿಕೊಟ್ಟಿರಿ. ಡ್ರಮ್ಸ್ ಕೆಳಗೆ ಹಾಸಲು ತಮ್ಮ ಜಮಖಾನ ಕೊಟ್ಟ ಶಾಮಿಯಾನದವರಿಗೂ ವಂದನೆ. ಅದು ಇಲ್ಲದಿದ್ದರೆ ಒದ್ದಾಗಲೆಲ್ಲ ಕಿಕ್ ಡ್ರಮ್ ಮುಂದಕ್ಕೆ ಜಾರುತ್ತೆ.

ಗಣೇಶನ ಪೆಂಡಾಲ್‌ಗೆ ಕರೆಂಟ್ ಎಳೆದುಕೊಟ್ಟ ಎಲೆಕ್ಟ್ರಿಷಿಯನ್‌ಗಳಿಗೆ ವಿಶೇಷ ಕೃತಜ್ಞತೆ, ಏಕೆಂದರೆ ಇದು ಜೀವದ ಪ್ರಶ್ನೆ. ಸೀರಿಯಲ್ ಸೆಟ್‌ಗೇ ಬೇರೆ ಲೈನ್, ಸೌಂಡ್‌ಗೇ ಬೇರೆ. ಮಿಕ್ಸರ್, ಆಂಪ್ ಎರಡಕ್ಕೂ ಒಂದೇ ಕಡೆಯ ಅರ್ತ್. ಅರ್ತ್ ಎರಡು ದಾರಿಯಲ್ಲಿ ಸುತ್ತಿಕೊಂಡರೆ 50 ಹರ್ಟ್ಸ್‌ನ ಗುಂಯ್ ಶುರು. ಅದನ್ನು ನಿಲ್ಲಿಸಲು ಪ್ಲಗ್ಗಿನ ಮೂರನೇ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ. ಕೈ ತಂತಿ ಮೇಲೆ, ತುಟಿ ಮೈಕ್ ಮೇಲೆ ಇರುವಾಗ ಲೀಕೇಜ್ ಆದರೆ ಶಾಕ್ ಎದೆಯ ಮೂಲಕವೇ ಹಾಯುತ್ತೆ. ವಾದ್ಯವನ್ನು ಮಿಕ್ಸರ್‌ಗೆ ಜೋಡಿಸುವ ಪುಟ್ಟ ಡಬ್ಬಿ ಡಿಐ ಬಾಕ್ಸ್. ಅದರಲ್ಲಿ ಸಿಗ್ನಲ್ ಕೇಬಲ್‌ನ ಅರ್ತ್ ಮಾತ್ರ ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಇರೋದೇ ಗುಂಯ್‌ಗೆ. ಹಾಡುವ ಮುಂಚೆ ಮಲ್ಟಿಮೀಟರ್ ಎಸಿ ವೋಲ್ಟೇಜ್‌ಗೆ ಇಟ್ಟು ಒಂದು ಕಡ್ಡಿ ಗಿಟಾರ್ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಮುಟ್ಟಿಸಿ ತೋರಿಸಿದಿರಿ. ಸೊನ್ನೆಯ ಹತ್ತಿರವೇ ಇರಬೇಕು.

ಮೈಸೂರಿನ ವಾದ್ಯ ರಿಪೇರಿಯ ಹಿರಿಯರಿಗೆ: ಗಿಟಾರಿನ ಮೊದಲ ತಂತಿ ಪ್ರತಿ ಸಲ ಬ್ರಿಜ್ಜಿನ ಅದೇ ಜಾಗದಲ್ಲಿ ತುಂಡಾದರೆ ದೋಷ ತಂತಿಯದ್ದಲ್ಲ, ಬ್ರಿಜ್ಜಿನಲ್ಲಿ ತಂತಿ ಕೂರುವ ತುಣುಕಾದ ಸ್ಯಾಡಲ್‌ನ ಚೂಪಿನದ್ದು. 600 ನಂಬರ್ ಎಮರಿ ಪೇಪರ್‌ನಲ್ಲಿ ನಾಲ್ಕು ಸಲ ಉಜ್ಜಿ ಸರಿಮಾಡಿಕೊಟ್ಟು, ಕಾಸು ಮುಟ್ಟಲಿಲ್ಲ ನೀವು.

ರಾತ್ರಿ 10ಕ್ಕೆ ಮೈಕ್ ನಿಲ್ಲಲೇಬೇಕು. ಜೊತೆ ಹಾಡಿದ ತಂಡಗಳು ಡ್ರಮ್ಸ್ ಕಿಟ್ ಹಂಚಿಕೊಂಡು, ಸ್ನೇರ್, ಸಿಂಬಲ್, ಪೆಡಲ್ ಮಾತ್ರ ಬದಲಿಸಿದ್ದಕ್ಕೇ ಯಾರ ಹಾಡೂ ಕಟ್ ಆಗಲಿಲ್ಲ.

ಕೇಳುಗರೇ, ಹಿಂದಿನ ಸಾಲಿನಿಂದ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕಳಿಸಿದಿರಲ್ಲ, ಯಾವ ಸಾಲಿನಲ್ಲಿ ಯಾವ ಪದ ಮುಳುಗಿತು ಅಂತ ಸೌಂಡ್‌ನ ಅಣ್ಣಂದಿರ ಜೊತೆ ಕೂತು ಗುರುತು ಹಾಕಿದ್ದು ಅವುಗಳಿಂದಲೇ. ಇನ್ನೂ ಇದ್ದರೆ ಕಳಿಸಿ.