ಮಳೆಗಾಲದಲ್ಲಿ ಗೇರುಬೀಜ, ನೆಲಗಡಲೆಯ ಜೋಪಾನ

ಮಾನ್ಯ ಸಂಪಾದಕರೇ,

ಕಾಸರಗೋಡಿನ ನಮ್ಮ ಮನೆಗಳಲ್ಲಿ ಗೇರುಬೀಜ, ನೆಲಗಡಲೆಗಳ ಜೊತೆಗೆ ಕೊಲ್ಲಿ ನಾಡಿನಿಂದ ಬಂಧುಗಳು ತರುವ ಬಾದಾಮಿ, ಅಕ್ರೋಟುಗಳೂ ಡಬ್ಬಿ ಸೇರುತ್ತವೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ತೇವದಲ್ಲಿ ಅವು ಕೆಡುವುದನ್ನು ನಾವು ಗಮನಿಸುವುದು ಕಡಿಮೆ. ಕಳೆದ ಆಟಿ ತಿಂಗಳಲ್ಲಿ ಮಕ್ಕಳಿಗೆ ಕೊಡಲೆಂದು ತೆರೆದ ಡಬ್ಬಿಯ ಅಕ್ರೋಟು ನೋಡಲು ಚೆನ್ನಾಗಿಯೇ ಇತ್ತು. ಮುರಿದು ಮೂಸಿದಾಗ ಮಾತ್ರ ಹಳೆಯ ಎಣ್ಣೆಯ ಕಮಟು ವಾಸನೆ ಬಂತು, ನಾಲಗೆಗೆ ಕಹಿಯಾಯಿತು. ಬೀಜದ ಕೊಬ್ಬಿನಂಶ ಗಾಳಿ, ಬೆಳಕು, ಶಾಖಗಳಿಗೆ ಸಿಕ್ಕಿ ಕೆಡುವುದೇ ಇದಕ್ಕೆ ಕಾರಣ.

ಇದಕ್ಕಿಂತ ಗಂಭೀರವಾದದ್ದು ಬೂಷ್ಟು. ತೇವ ಹಿಡಿದ ನೆಲಗಡಲೆಯಲ್ಲಿ ಆಸ್ಪರ್ಜಿಲಸ್ ಜಾತಿಯ ಕೆಲವು ಶಿಲೀಂಧ್ರಗಳು ಉಂಟುಮಾಡುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ಹಾನಿ ಮಾಡುವ, ಕ್ಯಾನ್ಸರ್‌ಗೂ ಕಾರಣವಾಗುವ ವಿಷ. ಹುರಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ಆದ್ದರಿಂದ ಹಸಿರು, ಹಳದಿ ಪುಡಿ ಕಂಡ ಕಾಳುಗಳನ್ನಷ್ಟೇ ಆರಿಸಿ ತೆಗೆದು ಉಳಿದದ್ದನ್ನು ಬಳಸುವ ನಮ್ಮ ಹಿರಿಯರ ಮಿತವ್ಯಯ ಇಲ್ಲಿ ಸಲ್ಲದು, ಇಡೀ ಡಬ್ಬಿಯನ್ನೇ ಎಸೆಯಬೇಕು.

ಚೆನ್ನಾಗಿ ಒಣಗಿದ ಗಾಜಿನ ಭರಣಿಗೆ ತುಂಬಿ, ಮುಚ್ಚಳ ಬಿಗಿದು ಫ್ರಿಜ್‌ನಲ್ಲಿ ಇಟ್ಟರೆ ಕೆಲವು ತಿಂಗಳು, ಫ್ರೀಜರ್‌ನಲ್ಲಾದರೆ ಸುಮಾರು 1 ವರ್ಷ ಉಳಿಯುತ್ತವೆ. ಹೊರತೆಗೆದ ಭರಣಿಯ ತಣಿವು ಆರಿದ ಮೇಲೆಯೇ ತೆರೆಯಬೇಕು, ಇಲ್ಲವಾದರೆ ಬೀಜಗಳ ಮೇಲೆ ನೀರಪಸೆ ಕೂರುತ್ತದೆ.

ಬಿಡಿಯಾಗಿ ತೂಗಿ ಮಾರುವ ಅಂಗಡಿಯವರು ದಾಸ್ತಾನು ಬಂದ ತಿಂಗಳನ್ನಾದರೂ ಚೀಲದ ಮೇಲೆ, ಕನ್ನಡದಲ್ಲಿಯೂ ಬರೆದಿಡಬೇಕೆಂದು ವಿನಂತಿಸುತ್ತೇನೆ.

– ಓರ್ವ ಗೃಹಿಣಿ, ಬದಿಯಡ್ಕ